ನಮ್ಮ ಪಾರ್ಕಿನ ವಿಷ್ಯ ನಮ್ಮನ್ನೂ ಕೇಳಿ ಅಂತ ಹದಿನೇಳು ತಿಂಗಳು ಓಡಾಡಿದ್ದು

2025ರ ಯುಗಾದಿಗೆ ನಾಲ್ಕು ದಿನ ಮುಂಚೆ, ನಮ್ಮ ಬಡಾವಣೆ ಪಾರ್ಕನ್ನ ನಮ್ಮ ಸಂಘ ದತ್ತು ತಗೊಂಡು ನೋಡ್ಕೊಳ್ಳೋ ನಿರ್ವಹಣೆ ಒಪ್ಪಂದಕ್ಕೆ ಕೊನೆಗೂ ಸಹಿ ಬಿತ್ತು. 2023ರ ದಸರಾ ಮುಗಿದ ವಾರ ಶುರುವಾಗಿದ್ದು 2025ರ ಮಾರ್ಚಿಗೆ ಒಂದು ಹಂತಕ್ಕೆ ಬಂತು, ಲೆಕ್ಕ ಹಾಕಿದ್ರೆ ಹದಿನೇಳು ತಿಂಗಳು. ಯಾವ ಕಾಗದ ಮೊದಲು, ಯಾವ ಟೇಬಲ್‌ಗೆ ಹೋಗ್ಬೇಕು, ಯಾರನ್ನ ಕೇಳ್ಬೇಕು ಅಂತ ಹೇಳೋರು ಒಬ್ರೂ ಇರ್ಲಿಲ್ಲ, ಎಲ್ಲಾ ಓಡಾಡಿ ಓಡಾಡೀನೇ ಕಲ್ತಿದ್ದು. ಬೇರೆ ಓಣಿಲಿ ಬೇರೆ ಊರಲ್ಲಿ ಇದೇ ಕೆಲಸಕ್ಕೆ ಇಳಿಯೋರಿಗೆ ಅರ್ಧ ಓಡಾಟನಾದ್ರೂ ಉಳೀಲಿ ಅಂತ ಬರೀತಿದೀನಿ. ಯಾವ ಕಚೇರಿ, ಯಾವ ಅಧಿಕಾರಿ, ಯಾವ ಕಂಟ್ರಾಕ್ಟರ್ ಅಂತ ಹೆಸರು ಹಾಕಲ್ಲ, ಯಾರನ್ನೂ ಬೈಯೋಕೆ ಬರೀತಿಲ್ಲ.

ನಾವಿರೋದು ದಾವಣಗೆರೆಲಿ, ನಿಟುವಳ್ಳಿ ಕಡೆ. ನಾನು ಮನೇಲೇ ಬ್ಲೌಸ್ ಹೊಲೀತೀನಿ, ಮಿಷನ್ ಇರೋದು ಕಿಟಕಿ ಪಕ್ಕ, ಕಿಟಕಿ ಎದುರಿಗೇ ಪಾರ್ಕು. ಉದ್ದ 200 ಅಡಿ ಅಗಲ 110 ಅಡಿ, ಅಂದ್ರೆ ಸುಮಾರು 20 ಗುಂಟೆ. ಊರಲ್ಲಿ ಕುಂದವಾಡ ಕೆರೆ ಏರಿ ಐತೆ, ಗಾಜಿನ ಮನೆ ಐತೆ, ಗಾಡಿ ಇದ್ದೋರು ಅಲ್ಲಿಗೆ ಹೋಗ್ತಾರೆ. ಮಂಡಿನೋವಿರೋ ನಮ್ಮತ್ತೆಗೆ, ಸ್ಕೂಲಿಂದ ಬಂದು ಕತ್ತಲಾಗೋದ್ರೊಳಗೆ ಒಂದಿಷ್ಟು ಆಡ್ಕೊಳ್ಳೋ ಮಕ್ಕಳಿಗೆ ಇರೋದು ಇದೊಂದೇ. ಒಂಬತ್ತು ಹೊಂಗೆ ಮರ, ನಾಲ್ಕು ಬೇವಿನ ಮರ, ಮುರಿದ ಒಂದು ಜಾರುಬಂಡಿ, ಸುತ್ತ ಗ್ರಿಲ್ಲು, ಒಂದು ಮೋಟ್ರು ರೂಮು. 2023 ಅಂದ್ರೆ ಗೊತ್ತಲ್ಲ, ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆದ ವರ್ಷ. ಪಾರ್ಕಿನ ಹುಲ್ಲು ಒಣಗಿ ಮಣ್ಣಾಗಿತ್ತು, ಬೋರ್ ಮೋಟ್ರು ಸುಟ್ಟೋಗಿದೆ ಅಂತ ಎಲ್ಲರೂ ಹೇಳ್ತಿದ್ರು, ನಾನೂ ಹಂಗೇ ನಂಬಿದ್ದೆ.

ದಸರಾ ಆಗಿ ಒಂದು ವಾರಕ್ಕೆ ಬೆಳಗ್ಗೆ ಬೆಳಗ್ಗೆ ಒಂದು ಲಾರಿ ಬಂದು ಪೇವರ್ ಕಲ್ಲು ಇಳಿಸ್ತು. ನಾನು ಚಹಾ ಲೋಟ ಹಿಡ್ಕಂಡೇ ಹೊರಗೆ ಬಂದು ನೋಡಿದ್ರೆ ಐದು ಮರಕ್ಕೆ ಬಿಳಿ ಬಣ್ಣದಲ್ಲಿ ಗುರುತು ಹಾಕಿದಾರೆ. ಏನಪ್ಪಾ ಇದು ಅಂತ ಕೆಲಸದ ಹುಡುಗನ್ನ ಕೇಳಿದ್ರೆ "ಎಸ್ಟಿಮೇಟಲ್ಲಿ ಐತಕ್ಕ, ಪೂರ್ತಿ ಪೇವರ್, ನಡುವೆ ಕಾರಂಜಿ, ಗೇಟಿಗೆ ಕಮಾನು" ಅಂದ. ನೀರೇ ಇಲ್ಲದ ಪಾರ್ಕಿಗೆ ಕಾರಂಜಿ. ಆ ಕ್ಷಣ ನನಗೆ ಸಿಟ್ಟಿಗಿಂತ ಹೊಟ್ಟೆಯೊಳಗೆ ಒಂಥರಾ ಸಂಕಟ ಆಯ್ತು, ಯಾಕಂದ್ರೆ ಆ ಹೊಂಗೆ ನೆರಳಲ್ಲೇ ನನ್ನ ಮಗಳು ನಡೆಯೋದು ಕಲ್ತಿದ್ದು. ನಾನು ಹೊಲಿಗೆ ಮಾಡೋಳು, ಅಳತೆ ತಗೊಳ್ದೆ ಬಟ್ಟೆಗೆ ಕತ್ರಿ ಹಾಕಿದ್ರೆ ಏನಾಗುತ್ತೆ ಅಂತ ಚೆನ್ನಾಗಿ ಗೊತ್ತು. ಇಲ್ಲಿ ಯಾರ ಅಳತೆನೂ ತಗೊಂಡಿರ್ಲಿಲ್ಲ.

ಅವತ್ತು ನಾನು ಮಾಡಿದ ಒಂದೇ ಸರಿಯಾದ ಕೆಲಸ ಅಂದ್ರೆ ಮರ ಕಡಿಯೋಕೆ ಅನುಮತಿ ಪತ್ರ ತೋರಿಸಿ ಅಂತ ಕೇಳಿದ್ದು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅಂತ 1976ರದ್ದು ಒಂದಿದೆ, ಊರೊಳಗೆ ಮರ ಕಡೀಬೇಕಂದ್ರೆ ವೃಕ್ಷಾಧಿಕಾರಿ ಅನುಮತಿ ಬೇಕು, ಜಾಗ ಸರ್ಕಾರದ್ದಾದ್ರೂ ಸರಿ. ಇದನ್ನ ನನಗೆ ಹೇಳಿದ್ದು ಪಕ್ಕದ ಮನೆ ರಿಟೈರ್ಡ್ ಮೇಷ್ಟ್ರು, ಮುಂದೆ ಎಲ್ಲದಕ್ಕೂ ಜೊತೆಗಿದ್ದೋರೂ ಅವ್ರೇ. ಪತ್ರ ಇರ್ಲಿಲ್ಲ, ಹಂಗಾಗಿ ಅವತ್ತು ಕೆಲಸ ನಿಂತ್ತು. ನಿಮಗೂ ಹಿಂಗೇ ಆದ್ರೆ ಜಗಳಕ್ಕೆ ಹೋಗ್ಬೇಡಿ, ಪತ್ರ ಕೇಳಿ, ಗುರುತು ಹಾಕಿದ ಮರದ ಫೋಟೋ ತಗೊಳ್ಳಿ, ತಾರೀಖು ಕಾಣೋ ಹಂಗೆ ಅವತ್ತಿನ ಪೇಪರ್ ಪಕ್ಕ ಇಟ್ಟು ತಗೊಂಡ್ರೆ ಇನ್ನೂ ಒಳ್ಳೇದು.

ಆಮೇಲೆ ಮನವಿ ಬರೆದ್ವಿ. ಎರಡು ದಿನದಲ್ಲಿ 46 ಸಹಿ ಆಯ್ತು, ನನಗೆ ಭಾರೀ ಖುಷಿ. ತಗೊಂಡು ಹೋಗಿ ಕೊಟ್ವಿ, "ಆಯ್ತಮ್ಮ ನೋಡ್ತೀವಿ" ಅಂದ್ರು, ಬಂದ್ವಿ. ದೀಪಾವಳಿ ಮುಗಿಸಿ ಮೂರು ವಾರ ಆದ್ಮೇಲೆ ಹೋಗಿ ಕೇಳಿದ್ರೆ ಅಂಥ ಅರ್ಜಿನೇ ಇಲ್ಲ. ನಾನು ಕೊಟ್ಟಿದ್ದು ನೇರವಾಗಿ ಒಬ್ರ ಕೈಗೆ, ಟಪಾಲು ವಿಭಾಗದಲ್ಲಿ ಕೊಟ್ಟಿರ್ಲಿಲ್ಲ, ಸೀಲು ಹಾಕ್ಸಿರ್ಲಿಲ್ಲ, ನನ್ನ ಹತ್ರ ಜೆರಾಕ್ಸೂ ಇರ್ಲಿಲ್ಲ. ಮತ್ತೆ 46 ಮನೆ ತಿರುಗಿ ಸಹಿ ಹಾಕ್ಸೋವಾಗ ಕೆಲವ್ರು ಮುಖ ಸಿಂಡರಿಸಿದ್ರು, "ಹೋದ ಸಲ ಹಾಕಿದ್ದು ಏನಾಯ್ತು" ಅಂತ. ಅದಕ್ಕೇ ಹೇಳೋದು, ಯಾವ ಕಾಗದನೇ ಆಗ್ಲಿ ಎರಡು ಪ್ರತಿ ಒಯ್ಯಿರಿ, ಒಂದು ಟಪಾಲಲ್ಲಿ ಕೊಟ್ಟು ಇನ್ನೊಂದ್ರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕ್ಸಿಕೊಂಡೇ ಬನ್ನಿ. ಆ ನಂಬರ್ ಇಲ್ಲ ಅಂದ್ರೆ ನೀವು ಹೋಗೇ ಇಲ್ಲ ಅಂತ ಲೆಕ್ಕ. ಮುಂದಿನ ಸಲ ಹೋದಾಗ ಆ ನಂಬರ್ ಮೇಲೆ ಫೈಲ್ ಯಾವ ಟೇಬಲಲ್ಲಿದೆ ಅಂತ ಕೇಳ್ಬಹುದು.

ಎರಡನೇ ಸಮಸ್ಯೆ ಬಂತು, ಪಾರ್ಕು ಯಾರದ್ದು ಅನ್ನೋದು. ಒಂದು ಕಚೇರಿಲಿ ಬಡಾವಣೆ ಇನ್ನೂ ನಮಗೆ ಹಸ್ತಾಂತರ ಆಗಿಲ್ಲ ಅಂದ್ರು, ಇನ್ನೊಂದು ಕಚೇರಿಗೆ ಹೋದ್ರೆ ಯಾವತ್ತೋ ಕೊಟ್ಟಾಯ್ತು ಅಂದ್ರು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಆಟೋದಲ್ಲಿ ಮೂರು ಸಲ ಓಡಾಡಿದೀನಿ, ಗಿರಾಕಿಗಳ ಬ್ಲೌಸ್ ಹೇಳಿದ ದಿನಕ್ಕೆ ಕೊಡೋಕಾಗ್ದೆ ಮಾತು ಕೇಳಿದೀನಿ. ಕೊನೆಗೆ ಬಡಾವಣೆಯ ಅನುಮೋದಿತ ನಕ್ಷೆ ಪ್ರತಿ ತೆಗೆಸಿದಾಗ, ಹಸ್ತಾಂತರದ ಪತ್ರದ ನಂಬರ್ ಸಿಕ್ಕಿದ್ಮೇಲೆ ಬಗೆಹರೀತು. ನೀವು ಮೊದಲ ದಿನವೇ ಇದನ್ನ ಖಾತ್ರಿ ಮಾಡ್ಕೊಳ್ಳಿ, ನಕ್ಷೆಯಲ್ಲಿ ಆ ಜಾಗ ಉದ್ಯಾನವನ ಅಂತ ಬರೆದಿದ್ಯಾ, ಈಗ ಯಾರ ಸುಪರ್ದಿಲಿದೆ ಅಂತ. ಇದೊಂದು ಕಾಗದ ಮುಂದೆ ನಮ್ಮನ್ನ ಬಹಳ ಕಾಪಾಡ್ತು, ಅದನ್ನ ಆಮೇಲೆ ಹೇಳ್ತೀನಿ.

ಡಿಸೆಂಬರಲ್ಲಿ ಮಾಹಿತಿ ಹಕ್ಕು ಅರ್ಜಿ ಹಾಕಿದ್ವಿ. 2005ರ ಕಾಯ್ದೆ, ನಮೂನೆ ಎ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಮೇಷ್ಟ್ರು ಎರಡು ಪುಟ ಬರೆದಿದ್ರು, ಚೆಂದದ ಕನ್ನಡ, ಆದ್ರೆ ಅದನ್ನ ಹಾಕ್ಲಿಲ್ಲ, ಯಾಕಂದ್ರೆ ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅಂತಿದೆ, ಜಾಸ್ತಿ ಬರೆದ್ರೆ ಅದೇ ಕಾರಣಕ್ಕೆ ವಾಪಸ್ ಬರಬಹುದು. ಹಂಗಾಗಿ ಕೇಳಿದ್ದು ಇಷ್ಟೇ, ಈ ಪಾರ್ಕಿನ ಕಾಮಗಾರಿಯ ಎಸ್ಟಿಮೇಟ್, ಕಾರ್ಯಾದೇಶ (ಕೆಲಸ ಮಾಡಿ ಅಂತ ಕಂಟ್ರಾಕ್ಟರಿಗೆ ಕೊಡೋ ಪತ್ರ), ನಕ್ಷೆ ಇವುಗಳ ದೃಢೀಕೃತ ಪ್ರತಿ. ಯಾಕೆ, ಹೆಂಗೆ, ಇದು ನ್ಯಾಯನಾ ಅಂತ ಕೇಳ್ಬೇಡಿ, ದಾಖಲೆ ಹೆಸರು ಹೇಳಿ ಪ್ರತಿ ಕೇಳಿ. 30 ದಿನದ ಗಡುವು, ನಮಗೆ 27ನೇ ದಿನಕ್ಕೆ ಪತ್ರ ಬಂತು, 38 ಪುಟ ಇದೆ ಪುಟಕ್ಕೆ 2 ರೂಪಾಯಿಯಂತೆ 76 ರೂಪಾಯಿ ಕಟ್ಟಿ ಅಂತ. ಟೆಂಡರ್ ಆದ ಕೆಲಸ ಆದ್ರೆ ರಾಜ್ಯದ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲೂ ಹುಡುಕಿ ನೋಡ್ಬಹುದು, ಇದು ನನಗೆ ಆಮೇಲೆ ಗೊತ್ತಾಯ್ತು.

ಎಸ್ಟಿಮೇಟ್ ಓದೋಕೆ ಮೊದಲು ಭಯ ಆಯ್ತು. ಘನ ಮೀಟರ್, ಚದರ ಮೀಟರ್, ಎಸ್‌ಆರ್ ದರ ಅಂತ ಏನೇನೋ. ಆದ್ರೆ ರಾತ್ರಿ ಮಿಷನ್ ಮೇಲೇ ಹರಡಿಕೊಂಡು ಒಂದೊಂದು ಸಾಲು ಓದಿದ್ರೆ ನನ್ನ ಅಳತೆ ಪುಸ್ತಕದ ಥರಾನೇ, ಏನು, ಎಷ್ಟು ಉದ್ದ, ಎಷ್ಟು ಅಗಲ, ದರ ಎಷ್ಟು. ಅರ್ಧಕ್ಕಿಂತ ಜಾಸ್ತಿ ದುಡ್ಡು ಪೇವರ್ ಕಲ್ಲಿಗೆ, ಅದೂ ಮರದ ಬುಡದ ತನಕ. ಆಮೇಲೆ ಕಮಾನು, ಕಾರಂಜಿ, ಬಣ್ಣ. ನೀರಿಗೆ ಅಂತ ಒಂದು ಸಾಲೂ ಇರ್ಲಿಲ್ಲ. ದೀಪಕ್ಕೆ ಎರಡು ಕಂಬ, ಎರಡೂ ಗೇಟಿನ ಹತ್ರ. ನನಗನ್ನಿಸೋದು ಬರೆದೋರು ಕೆಟ್ಟೋರಲ್ಲ, ಅವ್ರು ಈ ಪಾರ್ಕಲ್ಲಿ ಒಂದು ಸಾಯಂಕಾಲ ಕೂತಿಲ್ಲ ಅಷ್ಟೇ.

ಈಗ ನಮಗೇನು ಬೇಕು ಅಂತ ನಾವು ಹೇಳ್ಬೇಕಿತ್ತಲ್ಲ, ಅದಕ್ಕೆ ಜನವರಿಲಿ ಸಭೆ ಕರೆದ್ವಿ. ಈ ಮೊದಲ ಸಭೆ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ನಮ್ಮ ದೊಡ್ಡ ತಪ್ಪು ಇದೇ. ಸಾಯಂಕಾಲ ಆರಕ್ಕೆ, ಒಬ್ರ ಮನೆ ಹಾಲ್‌ನಲ್ಲಿ. ಬಂದಿದ್ದು 11 ಜನ, ನನ್ನೊಬ್ಬಳನ್ನ ಬಿಟ್ರೆ ಎಲ್ಲಾ ಹಿರಿಯ ಗಂಡಸರು, ಆರು ಗಂಟೆಗೆ ಹೆಂಗಸರು ಅಡುಗೆಮನೆ ಬಿಟ್ಟು ಹೆಂಗ್ ಬರ್ತಾರೆ. ಎರಡು ಗಂಟೆ ಮಾತು, ಕೊನೆಗೆ ಆಗಿದ್ದು ಎರಡು ತೀರ್ಮಾನ, ಕ್ರಿಕೆಟ್ ಬಂದ್ ಮಾಡ್ಬೇಕು, ಹೊರಗಿನೋರು ಬರದ ಹಂಗೆ ಗೇಟಿಗೆ ಬೀಗ ಹಾಕ್ಬೇಕು. ಹೊರಗಿನೋರು ಅಂದ್ರೆ ಹಿಂದಿನ ರಸ್ತೆ ಶೆಡ್ಡುಗಳಲ್ಲಿರೋ ಕೂಲಿ ಕೆಲಸದೋರ ಮಕ್ಕಳು. ನನಗೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಕಚೇರಿಯೋರು ನಮ್ಮನ್ನ ಕೇಳ್ಲಿಲ್ಲ ಅಂತ ಮೂರು ತಿಂಗಳು ಹೋರಾಡಿದೋರು ನಾವು, ಆ ಮಕ್ಕಳನ್ನ ನಾವು ಕೇಳಿದ್ವಾ?

ನಮ್ಮನೆಯವರೇ ಒಂದು ಮಾತಂದ್ರು, "ಪಾರ್ಕಿನ ಸಭೆ ಪಾರ್ಕಲ್ಲೇ ಮಾಡ್ರಿ, ಹಾದು ಹೋಗೋರೂ ನಿಂತು ಕೇಳ್ಲಿ" ಅಂತ. ಫೆಬ್ರವರಿಲಿ ಒಂದು ಭಾನುವಾರ ಬೆಳಗ್ಗೆ ಏಳೂವರೆಗೆ ಇಟ್ಕೊಂಡ್ವಿ. ಚೀಟಿ ಹಂಚ್ಲಿಲ್ಲ, ಎಲ್ಲರೂ ಓದಲ್ಲ. ಹಿಂದಿನ ದಿನ ನಾನು, ನನ್ನ ಇಬ್ರು ಗಿರಾಕಿಗಳು ಮನೆಮನೆಗೆ ಹೋಗಿ ಹೇಳಿ ಬಂದ್ವಿ, ಶೆಡ್ಡಿನ ಕಡೆನೂ ಹೋದ್ವಿ, ಗೇಟಿನ ಹತ್ರ ಮಂಡಕ್ಕಿ ಗಾಡಿ ಹಾಕೋ ಅಣ್ಣನಿಗೂ ಹೇಳಿದ್ವಿ. ಬೆಳಗ್ಗೆ ಐದೂವರೆಗೆ ನೀರು ಚಿಮುಕಿಸಿ, ಪಾರ್ಕಿನ ನೆಲದ ಮೇಲೇ ರಂಗೋಲಿ ಪುಡಿಲಿ ಪಾರ್ಕಿನ ನಕ್ಷೆ ಹಾಕಿದ್ವಿ, ಒಂದು ಹೆಜ್ಜೆಗೆ ಹತ್ತಡಿ ಲೆಕ್ಕ. ಹದಿಮೂರು ಮರಕ್ಕೆ ಹದಿಮೂರು ಹಸಿರು ಚುಕ್ಕಿ, ಗ್ರಿಲ್ಲಿಗೆ ಬಿಳಿ ಗೆರೆ, ಮೋಟ್ರು ರೂಮಿಗೆ ಕೆಂಪು ಚೌಕ. ಬಂದ ಪ್ರತಿಯೊಬ್ಬರ ಕೈಗೆ ಐದು ಹುಣಸೆ ಬೀಜ. ಬೆಂಚು ಎಲ್ಲಿ ಬೇಕು, ದೀಪ ಎಲ್ಲಿ ಬೇಕು, ನಲ್ಲಿ ಎಲ್ಲಿ ಬೇಕು, ಮಾತಾಡೋದು ಬೇಡ, ಬೀಜ ಇಡಿ ಅಂತ ಹೇಳಿದ್ವಿ.

73 ಜನ ಬಂದ್ರು ಕಣ್ರಿ. ಮೈಕ್ ಹಿಡಿದು ಮಾತಾಡಿ ಅಂದ್ರೆ ಬಾಯೇ ಬಿಡದ ಹೆಂಗಸರು ಸೆರಗು ಸಿಗಿಸಿಕೊಂಡು ಕೂತು ಬೀಜ ಇಟ್ರು. ಪಿಯುಸಿ ಓದೋ ಮೂರು ಹುಡುಗೀರು ಹದಿನೈದು ಬೀಜನೂ ಹಿಂದಿನ ಮೂಲೆಗೆ ಇಟ್ಟಿದ್ದು ನೋಡಿ ಯಾಕಮ್ಮ ಅಂದ್ರೆ, ಟ್ಯೂಷನ್ ಮುಗಿಸಿ ಬರೋವಾಗ ಆ ಮೂಲೆ ಕತ್ತಲು ಆಂಟಿ, ಅಲ್ಲಿ ದೀಪ ಬೇಕು ಅಂದ್ರು. ಹದಿನಾಲ್ಕು ವರ್ಷದಿಂದ ಇಲ್ಲೇ ಇದೀನಿ, ನನಗದು ಹೊಳೆದೇ ಇರ್ಲಿಲ್ಲ. ಅಜ್ಜ ಅಜ್ಜಿಯರ ಬೀಜ ಎಲ್ಲಾ ಗೇಟಿಂದ ಮೊದಲ ಹೊಂಗೆ ಮರದ ತನಕ ಸಾಲಾಗಿ ಬಿದ್ದಿತ್ತು, ಅವ್ರಿಗೆ ಅಷ್ಟೇ ನಡೆಯೋಕಾಗೋದು, ಅಲ್ಲಿ ಒರಗೋ ಬೆಂಚು ಬೇಕು. ಶೆಡ್ಡಿನ ಮಕ್ಕಳು ಎಲ್ಲಾ ಬೀಜ ನಲ್ಲಿಗೆ ಇಟ್ರು, ಕುಡಿಯೋಕೆ.

ನಮ್ಮ ಪಾರ್ಕಿಗೆ ಒಬ್ರು ಮಾಲಿ ಇದಾರೆ, ಅರವತ್ತರ ಹತ್ರ ವಯಸ್ಸು, ಹೊರಗುತ್ತಿಗೆ ಮೇಲೆ ಕೆಲಸ, ಇನ್ನೂ ಎರಡು ಪಾರ್ಕು ಅವ್ರ ಪಾಲಿಗಿದೆ. ಅವ್ರು ಗೇಟಿನ ಹೊರಗೇ ಪೊರಕೆ ಹಿಡ್ಕಂಡು ನಿಂತಿದ್ರು, ಸಭೆ ಮುಗಿದ್ಮೇಲೆ ಗುಡಿಸೋಣ ಅಂತ. ಒಂದು ಸಣ್ಣ ಹುಡುಗಿ ಓಡಿ ಹೋಗಿ "ಅಜ್ಜ ನೀವೂ ಇಡ್ರಿ" ಅಂತ ಐದು ಬೀಜ ಕೊಟ್ಲು. ಅವ್ರು ಚಪ್ಪಲಿ ಬಿಟ್ಟು ಒಳಗೆ ಬಂದು, ರಂಗೋಲಿ ತುಳಿಯದ ಹಂಗೆ ಸುತ್ತು ಹಾಕಿ, ಐದೂ ಬೀಜನ ಆ ಕೆಂಪು ಚೌಕದ ಒಳಗೆ ಇಟ್ರು. ಮೋಟ್ರು ಸುಟ್ಟೋಗಿದೆಯಲ್ಲ ಅಜ್ಜ ಅಂದೆ. "ಎಲ್ಲಿ ಸುಟ್ಟೈತವ್ವ, ಮೋಟ್ರು ಚಲೋ ಐತೆ, ಕರೆಂಟ್ ಬಿಲ್ ಕಟ್ಟಿಲ್ಲ ಅಂತ ಫ್ಯೂಸ್ ತಗಂಡು ಹೋಗ್ಯಾರೆ, ಎಂಟು ತಿಂಗಳಾತು" ಅಂದ್ರು. ಯಾರಿಗೂ ಹೇಳ್ಲಿಲ್ವಾ ಅಂತ ಕೇಳಿದೆ. "ಯಾರ್ ಕೇಳ್ಯಾರವ್ವ" ಅಂದ್ರು. ನನಗೆ ಗಂಟಲು ಕಟ್ಟಿ ಬಂತು. ಮೂರು ತಿಂಗಳಿಂದ ಊರೆಲ್ಲ ತಿರುಗಿದ್ದೆ, ದಿನಾ ಕಿಟಕಿ ಎದುರಿಗೇ ಕಸ ಗುಡಿಸೋ ಮನುಷ್ಯನ ಹತ್ರ ಒಂದು ಮಾತು ಕೇಳಿರ್ಲಿಲ್ಲ.

ಸೋಮವಾರವೇ ಮೀಟರಿನ ಆರ್‌ಆರ್ ನಂಬರ್ ಬರ್ಕೊಂಡು, ಬಾಕಿ ಎಷ್ಟಿದೆ ನೋಡಿ, ಅದನ್ನ ಕಟ್ಟಿ ಅಂತ ಬೇರೆಯದೇ ಅರ್ಜಿ ಹಾಕಿದ್ವಿ. ಒಂದು ಪಾಠ ಇಲ್ಲಿ, ಬೇರೆಬೇರೆ ಬೇಡಿಕೆನ ಒಂದೇ ಮನವಿಲಿ ತುರುಕಬೇಡಿ. ಬಿಲ್ಲು ನೋಡೋ ಟೇಬಲ್ ಬೇರೆ, ಕಾಮಗಾರಿ ನೋಡೋ ಟೇಬಲ್ ಬೇರೆ, ಮರದ್ದು ಬೇರೆ. ಒಂದೇ ಕಾಗದ ಆದ್ರೆ ಒಬ್ರು ನೋಡಿ ಇನ್ನೊಬ್ರಿಗೆ ಕಳಿಸೋದ್ರಲ್ಲೇ ತಿಂಗಳು ಹೋಗುತ್ತೆ.

ಇಷ್ಟರಲ್ಲಿ ನಮ್ಮ ನಿವಾಸಿಗಳದ್ದೇ ಒಂದು ಸಂಘದ ನೋಂದಣಿ ಕೆಲಸನೂ ನಡೀತಿತ್ತು. ಸಂಘ ಯಾಕೆ ಅಂದ್ರೆ, ಪಾರ್ಕು ನೋಡ್ಕೊಳ್ಳೋ ಒಪ್ಪಂದನ ಬಿಡಿಬಿಡಿ ಮನುಷ್ಯರ ಜೊತೆ ಮಾಡಲ್ಲ ಅಂತ ಕಚೇರಿಯೋರು ಅಂದ್ರು. ಇನ್ನೊಂದು ಕಾರಣನೂ ಇದೆ. ಮೇಷ್ಟ್ರು ಹೇಳಿದ್ದು, ಸಂವಿಧಾನದ 74ನೇ ತಿದ್ದುಪಡಿಲಿ ಬಂದ ಹನ್ನೆರಡನೇ ಅನುಸೂಚಿಯ ಹನ್ನೆರಡನೇ ಬಾಬ್ತಿನಲ್ಲೇ ಉದ್ಯಾನ, ಆಟದ ಮೈದಾನ ಅಂತ ಬರೆದಿದೆ, ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಊರಿಗೆ ವಾರ್ಡ್ ಸಮಿತಿ ಇರ್ಬೇಕು ಅಂತ ಆ ತಿದ್ದುಪಡಿಲೇ ಇದೆ. ನಮ್ಮೂರು 2011ರ ಜನಗಣತಿಲೇ ನಾಲ್ಕು ಲಕ್ಷ ದಾಟಿದೆ. ಕರ್ನಾಟಕದ 1976ರ ಮುನ್ಸಿಪಲ್ ಕಾರ್ಪೊರೇಷನ್ ಕಾಯ್ದೆ ಪ್ರಕಾರ ವಾರ್ಡ್ ಸಮಿತಿಗೆ ಹತ್ತು ಜನ ನಾಮನಿರ್ದೇಶನ ಆಗ್ತಾರೆ, ಅದರಲ್ಲಿ ಕಡಿಮೆ ಅಂದ್ರೂ ಮೂರು ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ ಪಂಗಡದೋರು, ಇಬ್ಬರು ನಿವಾಸಿಗಳ ಸಂಘದ ಪ್ರತಿನಿಧಿಗಳು. ನೋಂದಣಿ ಆದ ಸಂಘ ಇದ್ರೆ ಆ ಬಾಗಿಲು ತಟ್ಟಬಹುದು. ನಿಮ್ಮ ಊರಲ್ಲಿ ಸಮಿತಿ ಇದ್ಯಾ, ಸಭೆ ಯಾವಾಗ ಅಂತ ಬರಹದಲ್ಲೇ ಕೇಳಿ.

1960ರ ಸಂಘಗಳ ನೋಂದಣಿ ಕಾಯ್ದೆಗೆ ಕನಿಷ್ಠ ಏಳು ಜನ ಸಾಕು. ನಮ್ಮಿಂದ ಕೇಳಿದ್ದು ಏಳೂ ಜನರ ಆಧಾರ್, ಪ್ಯಾನ್, ಫೋಟೋ, ಬೈಲಾ (ಸಂಘದ ನಿಯಮಾವಳಿ), ಸಂಘದ ವಿಳಾಸಕ್ಕೆ ಮನೆ ಮಾಲೀಕರ ಒಪ್ಪಿಗೆ ಪತ್ರ. ಎಲ್ಲಿ ತಡ ಆಯ್ತು ಅಂದ್ರೆ, ನಾವು ಆರಿಸಿದ ಹೆಸರು ಬೇರೆ ಸಂಘಕ್ಕೆ ಇತ್ತು, ಬದಲಾಯಿಸಿದ್ವಿ. ಆಮೇಲೆ ಒಬ್ಬ ಅಕ್ಕನ ಹೆಸರು ಆಧಾರಲ್ಲಿ ಒಂಥರಾ ಪ್ಯಾನಲ್ಲಿ ಒಂಥರಾ, ಅದಕ್ಕೇ ಹನ್ನೆರಡು ದಿನ. ಏಳು ಜನರಲ್ಲಿ ನಾಲ್ಕು ಹೆಂಗಸರು, ಶೆಡ್ಡಿನ ಕಡೆಯಿಂದ ಒಬ್ರು ಇರ್ಲೇಬೇಕು ಅಂತ ನಾನು ಹಠ ಮಾಡಿದೆ, ಇಬ್ರು ಹಿರಿಯರು ಇದಕ್ಕೇ ಬೇಜಾರಾಗಿ ದೂರ ಸರಿದ್ರು. ಬಹಳ ನೋವಾಯ್ತು, ಆದ್ರೆ ಆ ಹಠ ಬಿಡ್ಲಿಲ್ಲ. ಸಂಘ ಅಂದ್ಮೇಲೆ ವರ್ಷ ವರ್ಷ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಸಲ್ಲಿಸ್ಬೇಕು, ಅದನ್ನ ನೋಡ್ಕೊಳ್ಳೋ ಒಬ್ರು ಇದ್ರೆ ಮಾತ್ರ ಇಳೀರಿ.

ನೋಂದಣಿ ಪತ್ರ ಕೈಗೆ ಬಂದಿದ್ದು ಮಾರ್ಚ್ ಎರಡನೇ ವಾರ. 16ನೇ ತಾರೀಖು ಲೋಕಸಭೆ ಚುನಾವಣೆ ಘೋಷಣೆ, ನೀತಿ ಸಂಹಿತೆ. ನಮ್ಮಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಅಷ್ಟೂ ದಿನ ಫೈಲ್ ಅಲ್ಲಾಡ್ಲಿಲ್ಲ. ಚುನಾವಣೆ ಯಾವಾಗ ಬರುತ್ತೆ ಅಂತ ನೋಡ್ಕೊಂಡು ಕೆಲಸಕ್ಕೆ ಕೈ ಹಾಕಿ, ಇದನ್ನ ನಾನು ಯೋಚನೆನೇ ಮಾಡಿರ್ಲಿಲ್ಲ.

ಬಾಕಿ ಬಿಲ್ ಮಾತ್ರ ಏಪ್ರಿಲಲ್ಲಿ ಕಟ್ಟಿದ್ರು, ಫ್ಯೂಸ್ ಬಂತು. ಮಾಲಿ ಅಜ್ಜ ಸ್ವಿಚ್ ಒತ್ತಿದ ದಿನ ಅರ್ಧ ಓಣಿ ಸೇರಿತ್ತು. ಪೈಪಿಂದ ಮೊದಲು ಗಾಳಿ, ಆಮೇಲೆ ತುಕ್ಕಿನ ಕೆಂಪು ನೀರು, ಆಮೇಲೆ ತಿಳಿನೀರು. ಇಪ್ಪತ್ತು ನಿಮಿಷಕ್ಕೆ ನಿಂತೋಯ್ತು, ಬರಗಾಲದಲ್ಲಿ ಬೋರಲ್ಲಿ ಇದ್ದಿದ್ದೇ ಅಷ್ಟು. ಆ ಇಪ್ಪತ್ತು ನಿಮಿಷದ ನೀರು ಯಾವ ಗಿಡಕ್ಕೆ ಅಂತ ಅಜ್ಜನೇ ಹೇಳಿದ್ರು, ಹುಲ್ಲು ಬಿಡ್ರಿ ಮಳೆ ಬಂದ್ರೆ ತಾನೇ ಚಿಗುರುತ್ತೆ, ಎರಡು ವರ್ಷದ ಸಸಿಗಳನ್ನ ಉಳಿಸ್ರಿ ಅಂತ. ಹಂಗೇ ಮಾಡಿದ್ವಿ. ಮಕ್ಕಳು ಸ್ಕೂಲಿಂದ ಬರೋವಾಗ ಬಾಟ್ಲಲ್ಲಿ ಉಳಿದ ನೀರನ್ನ ಬೇವಿನ ಸಸಿಗೆ ಸುರಿದು ಬರ್ತಿದ್ರು. ಆ ಬೇಸಿಗೆಲಿ ಆರರಲ್ಲಿ ಐದು ಸಸಿ ಉಳೀತು.

ಜೂನ್ ಮುಗಿದು ಜಂಟಿ ಸ್ಥಳ ಪರಿಶೀಲನೆಗೆ ದಿನ ಗೊತ್ತಾಯ್ತು, ಅಷ್ಟರಲ್ಲಿ ನಮ್ಮ ಫೈಲ್ ನೋಡ್ತಿದ್ದ ಇಂಜಿನಿಯರ್‌ಗೆ ವರ್ಗಾವಣೆ. ಹೊಸಬ್ರಿಗೆ ಎಲ್ಲಾ ಮೊದಲಿಂದ. ನಾವು ಇಟ್ಕೊಂಡಿದ್ದ ಫೈಲು ಅವಾಗ ಉಪಯೋಗಕ್ಕೆ ಬಂತು, ಮನವಿ, ಸೀಲ್ ಇರೋ ಪ್ರತಿ, ನಕ್ಷೆ, ಎಸ್ಟಿಮೇಟ್, ರಂಗೋಲಿ ನಕ್ಷೆಯ ಫೋಟೋ, ಎಷ್ಟು ಬೀಜ ಎಲ್ಲಿ ಬಿತ್ತು ಅಂತ ಪಟ್ಟಿ, ಎಲ್ಲಾ ತಾರೀಖು ಪ್ರಕಾರ ಟ್ಯಾಗ್ ಹಾಕಿ ಇಟ್ಟಿದ್ದೆ. ಹೊಸ ಇಂಜಿನಿಯರ್ ಮೇಡಂ ರಂಗೋಲಿ ಫೋಟೋ ನೋಡಿ, ಇದೇ ನಕ್ಷೆ ಸ್ಕೇಲಿಗೆ ಹಾಕಿ ಕೊಡಿ ಅಂದ್ರು. ಇಲ್ಲೇ ಡಿಪ್ಲೊಮಾ ಓದೋ ಹುಡುಗ ಹಾಕಿಕೊಟ್ಟ. ಪರಿಶೀಲನೆ ದಿನ ಮೇಡಂ ಎರಡು ಗಂಟೆ ಪಾರ್ಕಲ್ಲಿದ್ರು, ಮಾಲಿ ಅಜ್ಜನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡು ಪೈಪ್ ಎಲ್ಲಿ ಹೂತಿದೆ ಕೇಳಿದ್ರು. ಸ್ಥಳದಲ್ಲೇ ನಡಾವಳಿ ಬರೆಸಿ ಎಲ್ಲರ ಸಹಿ ಹಾಕ್ಸಿ, ಬಾಯಿ ಮಾತಲ್ಲಿ ಬಿಡ್ಬೇಡಿ.

ಐಟಂ ಬದಲಾದ್ರೆ ಪರಿಷ್ಕೃತ ಎಸ್ಟಿಮೇಟ್ ಆಗ್ಬೇಕು, ಅದಕ್ಕೆ ಮತ್ತೆ ತಾಂತ್ರಿಕ ಮಂಜೂರಾತಿ, ಅದಕ್ಕೇ ನಾಲ್ಕು ತಿಂಗಳು. ಹೆಚ್ಚು ದುಡ್ಡು ಕೇಳ್ಬೇಡಿ, ಇದ್ದಷ್ಟರಲ್ಲೇ ಅದಲು ಬದಲು ಮಾಡಿ ಅಂತ ಕೇಳಿ, ಅದಕ್ಕೆ ಬೇಗ ಒಪ್ತಾರೆ. ಕಮಾನು, ಕಾರಂಜಿ ಹೋಯ್ತು. ಪೇವರ್ ಗೇಟಿಂದ ಮೊದಲ ಬೆಂಚಿನ ತನಕ ಮಾತ್ರ, ಉಳಿದ ವಾಕಿಂಗ್ ದಾರಿ ಗರಸು ಮಣ್ಣು. ಮರದ ಬುಡಕ್ಕೆ ಮೂರಡಿ ಬಿಟ್ಟು ಕಲ್ಲು ಕಟ್ಟೆ. ನೀರಿನ ಪೈಪು, ಎರಡು ನಲ್ಲಿ, ಒರಗೋ ಬೆಂಚು ಐದು, ಆ ಹುಡುಗೀರ ಮೂಲೆಗೆ ದೀಪ. ಹದಿಮೂರು ಮರವೂ ಉಳೀತು.

ನವೆಂಬರಲ್ಲಿ ಇನ್ನೊಂದು ಗಂಡಾಂತರ, ಪಾರ್ಕಿನ ಹಿಂದಿನ ಅರ್ಧಕ್ಕೆ ಸಮುದಾಯ ಭವನ ಕಟ್ಟಿಸೋಣ ಅಂತ ಕೆಲವ್ರು ಓಡಾಡೋಕೆ ಶುರು ಮಾಡಿದ್ರು. ನಮ್ಮ ಹತ್ರ ಉದ್ಯಾನವನ ಅಂತ ಬರೆದಿರೋ ನಕ್ಷೆ ಇತ್ತಲ್ಲ, ಅದರ ಜೊತೆ ಪಾರ್ಕ್, ಆಟದ ಮೈದಾನ, ಬಯಲು ಜಾಗ ಉಳಿಸೋಕೆ ಅಂತಲೇ ಇರೋ ಕರ್ನಾಟಕದ 1985ರ ಕಾಯ್ದೆ, ಬೆಂಗಳೂರಲ್ಲಿ ಪಾರ್ಕಿನ ಜಾಗ ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದು ಸರಿಯಲ್ಲ ಅಂತ, ಪ್ರಶ್ನೆ ಮಾಡೋ ಹಕ್ಕು ಅಲ್ಲಿನ ನಿವಾಸಿಗಳಿಗೆ ಇದೆ ಅಂತ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದ್ದು, ಇಷ್ಟನ್ನ ಒಂದು ಪುಟದಲ್ಲಿ ಬರೆದು ಕೊಟ್ವಿ. ಮಾತು ಅಲ್ಲಿಗೇ ನಿಂತ್ತು.

ಡಿಸೆಂಬರಿಂದ ಫೆಬ್ರವರಿ ತನಕ ಕೆಲಸ. ಕಾರ್ಯಾದೇಶದಲ್ಲಿ ದೋಷ ಹೊಣೆಗಾರಿಕೆ ಅವಧಿ ಎಷ್ಟು ಅಂತ ನೋಡಿಟ್ಕೊಳ್ಳಿ, ಅಷ್ಟರೊಳಗೆ ಏನು ಕಿತ್ತು ಬಂದ್ರೂ ಕಂಟ್ರಾಕ್ಟರೇ ಸರಿ ಮಾಡ್ಬೇಕು. ನಮ್ಮಲ್ಲಿ ಒಂದು ಬೆಂಚು ಅಲ್ಲಾಡ್ತಿತ್ತು, ಪತ್ರ ಬರೆದ್ವಿ, ಬಂದು ಸರಿ ಮಾಡಿದ್ರು.

ಒಪ್ಪಂದದ ಕರಡು ಬಂದಾಗ ಎರಡು ದಿನ ಕೂತು ಓದಿದ್ವಿ. ಅದರಲ್ಲಿ ಕರೆಂಟ್ ಬಿಲ್ಲು, ಮಾಲಿ ಸಂಬಳ ಎರಡೂ ಸಂಘದ ಮೇಲೆ ಹಾಕಿದ್ರು. ಸಂಬಳ ಕೊಡೋ ಶಕ್ತಿ ನಮಗಿಲ್ಲ, ಕೊಡೋದು ನ್ಯಾಯನೂ ಅಲ್ಲ ಅಂತ ಬರೆದು ಕೊಟ್ವಿ, ಆ ಎರಡೂ ಕಚೇರಿ ಕಡೆಗೇ ಉಳೀತು. ಗೇಟು ತೆಗೆಯೋದು ಹಾಕೋದು, ರಿಜಿಸ್ಟರ್ ಬರೆಯೋದು, ತಿಂಗಳಿಗೊಂದು ಸಭೆ ಮಾಡಿ ನಡಾವಳಿ ಕಳ್ಸೋದು ನಮ್ಮದು. ದತ್ತು ಅಂದ ತಕ್ಷಣ ಪಾರ್ಕು ನಮ್ಮದಾಗಲ್ಲ, ಅದು ಎಲ್ಲರದ್ದೇ. ಯಾರನ್ನೂ ತಡೆಯಂಗಿಲ್ಲ, ದುಡ್ಡು ವಸೂಲಿ ಮಾಡಂಗಿಲ್ಲ, ಜಾಹೀರಾತು ಹಾಕಂಗಿಲ್ಲ ಅನ್ನೋ ಮೂರು ಷರತ್ತು ನಾವೇ ಕೇಳಿ ಸೇರಿಸಿದ್ವಿ. ಮಂಡಕ್ಕಿ ಗಾಡಿ ಅಣ್ಣ ಗೇಟಿಗೆ ಅಡ್ಡ ಆಗದ ಹಂಗೆ ಹತ್ತಡಿ ಆಚೆ ನಿಲ್ತಾರೆ, ಕಸದ ಡಬ್ಬಿ ಅವ್ರೇ ಇಟ್ಕೊಂಡಿದಾರೆ.

ಖರ್ಚು ಕೇಳೋರಿಗೆ: ಮಾಹಿತಿ ಹಕ್ಕು ಅರ್ಜಿ, ಪ್ರತಿ, ಪೋಸ್ಟು ಸೇರಿ 140. ಸಂಘದ ನೋಂದಣಿ, ಬೈಲಾ ಟೈಪಿಂಗು, ಬರೆದುಕೊಟ್ಟೋರಿಗೆ ಎಲ್ಲಾ ಸೇರಿ 4,200. ಜೆರಾಕ್ಸು ಪ್ರಿಂಟು 900. ಸಭೆಗಳ ಚಹಾ, ಮಂಡಕ್ಕಿ, ರಂಗೋಲಿ ಪುಡಿ 1,150. ಒಪ್ಪಂದದ ಛಾಪಾ ಕಾಗದ, ನೋಟರಿ 700. ಒಟ್ಟು 7,090 ರೂಪಾಯಿ, 50 ಮನೆಯಿಂದ ಕೈಲಾದಷ್ಟು ಸೇರ್ಸಿದ್ದು. ನನ್ನ ಆಟೋ ಖರ್ಚು, ಹೊಲಿಗೆ ಬಿಟ್ಟ ದಿನಗಳು ಇದರಲ್ಲಿಲ್ಲ. ಯಾರಿಗೂ ಕೈ ಬಿಸಿ ಮಾಡಿಲ್ಲ, ಅದನ್ನ ಗಟ್ಟಿಯಾಗಿ ಹೇಳ್ತೀನಿ.

ಕ್ರಿಕೆಟ್ ವಿಷ್ಯ ಇನ್ನೂ ಬಗೆಹರಿದಿಲ್ಲ. ಸಾಯಂಕಾಲ ನಾಲ್ಕರಿಂದ ಐದೂವರೆ ಹುಡುಗರಿಗೆ, ಆಮೇಲೆ ವಾಕಿಂಗ್ ಮಾಡೋರಿಗೆ ಅಂತ ಒಂದು ತಿಂಗಳು ನೋಡೋಣ ಅಂತಾಗಿದೆ, ಹಿರಿಯರು ಅರ್ಧ ಮನಸಿಂದ ಒಪ್ಪಿದಾರೆ. ದೂರ ಸರಿದಿದ್ದ ಇಬ್ರಲ್ಲಿ ಒಬ್ರು ಮೊನ್ನೆ ಬೆಂಚಿನ ಮೇಲೆ ಬಂದು ಕೂತಿದ್ರು, ನಾನು ಕಿಟಕಿಯಿಂದ ನೋಡಿ ಮುಂದಿನ ಭಾನುವಾರದ ಸಭೆಗೆ ಬನ್ನಿ ಕಾಕಾ ಅಂತ ಕೂಗಿ ಹೇಳಿದೀನಿ. ಮೋಟ್ರು ರೂಮಿನ ಬೀಗದ ಕೈ ಮೂರಿದೆ, ಒಂದು ಕಚೇರಿಲಿ, ಒಂದು ಮೇಷ್ಟ್ರ ಮನೇಲಿ, ಇನ್ನೊಂದು ಮಾಲಿ ಅಜ್ಜನ ಉಡುದಾರದಲ್ಲಿ.